ಪ್ರಶ್ನಾವಳಿಯ ಇಪ್ಪತ್ತನೆಯ ಪ್ರತಿ

ಪಾಠ ಮಾಡುವುದರಲ್ಲಿ ನನಗೆ ಸಮಾನರಿಲ್ಲ ಎಂಬ ವಿಚಾರದಲ್ಲಿ ಹೋದ ತಿಂಗಳವರೆಗೂ ನನಗೆ ಸಂದೇಹವಿರಲಿಲ್ಲ. ಬಿ.ಸಿ.ರೋಡಿನ ಹತ್ತಿರದ ಕಾಲೇಜೊಂದರಲ್ಲಿ ಬಹಳ ವರ್ಷಗಳಿಂದ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೇನೆ. ಪುಸ್ತಕದ ಉದಾಹರಣೆಗಳು ಸಾಕಾಗಿ, ಈ ಸಲ ಮಕ್ಕಳಿಗೆ ನಿಜವಾದ ದತ್ತಾಂಶವನ್ನೇ ತೋರಿಸುವುದೆಂದು ನಿರ್ಧರಿಸಿದೆ.

ವಿಷಯ, ಗಂಡ ಹೆಂಡಿರ ಮಾತುಕತೆ. ಪ್ರಶ್ನಾವಳಿಯಲ್ಲಿ ಹೆಸರು ಬರೆಯಬೇಕಾಗಿಲ್ಲ. ಗಂಡನ ಉದ್ಯೋಗ ಏನು? ಅದು ಗುಣಾತ್ಮಕ ಚಲಕ. ದಿನಕ್ಕೆ ಎಷ್ಟು ನಿಮಿಷ ಮಾತು? ಅದು ಪರಿಮಾಣಾತ್ಮಕ. ತೃಪ್ತಿ ಉಂಟೋ, ಅಷ್ಟಕ್ಕಷ್ಟೋ, ಇಲ್ಲವೋ? ಮೂರೇ ಪ್ರಶ್ನೆಯಲ್ಲಿ ಅರ್ಧ ಅಧ್ಯಾಯ ಮುಗಿಯಿತು!

ಮನೆಮನೆಗೆ ಹೋಗಿ ಕೇಳುವ ವಿಧಾನವನ್ನು ತರಗತಿಯಲ್ಲಿ ಬಾಯ್ತುಂಬ ಹೊಗಳುವವನು, ಬಿಸಿಲಿಗೆ ಹೆದರಿ ಇಪ್ಪತ್ತು ಪ್ರತಿಗಳನ್ನು ಹೆಂಡತಿ ಶಶಿಕಲಾಳ ಕೈಗಿಟ್ಟೆ. ಅವಳ ಮಹಿಳಾ ಸಂಘದವರು ತುಂಬಿಸಿ ಕೊಟ್ಟರು. ಒಬ್ಬರು ಬಂದಿರಲಿಲ್ಲವಂತೆ. ಪ್ರತಿ ದಂಡ ಆಗಬಾರದೆಂದು ಅದನ್ನು ಅವಳೇ ತುಂಬಿಸಿದಳು. ಇದು ನನಗೆ ಗೊತ್ತಾದದ್ದು ಅರುವತ್ತು ಮಕ್ಕಳ ಎದುರು.

ಮುಂದಿನ ಬೆಂಚಿನ ಹುಡುಗಿಗೆ ಕಟ್ಟಿನಿಂದ ಒಂದನ್ನು ಎತ್ತಿ ಗಟ್ಟಿಯಾಗಿ ಓದಲು ಹೇಳಿದ್ದೆ. "ಗಂಡನ ಉದ್ಯೋಗ, ಸಂಖ್ಯಾಶಾಸ್ತ್ರ ಉಪನ್ಯಾಸಕರು" ಎಂದು ಓದಿದವಳು ನನ್ನ ಮುಖ ನೋಡಿದಳು. ನಾನು ಸಾಕು ಎನ್ನುವಷ್ಟರಲ್ಲಿ "ದಿನಕ್ಕೆ ನಾಲ್ಕು ನಿಮಿಷ" ಎಂಬುದೂ ಬಂದಾಗಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈದಾದರೂ ಸುಧಾರಿಸಿಕೊಳ್ಳುತ್ತಿದ್ದೆ. ಮಾನ ಉಳಿಸಿಕೊಳ್ಳಲು, ಇಂಥ ಸಮೀಕ್ಷೆಗಳಲ್ಲಿ ಉತ್ತರ ಬರೆದವರ ಲೆಕ್ಕ ತಪ್ಪಿರಲೂಬಹುದು ಎಂದು ವಿದ್ವತ್ಪೂರ್ಣವಾಗಿ ವಿವರಿಸಿದೆ.

ಹುಡುಗಿ ಮೆಲ್ಲಗೆ ಕೇಳಿದಳು. "ಸರ್, ತೃಪ್ತಿಯ ಪ್ರಶ್ನೆಗೆ ಟಿಕ್ ಹಾಕಿಲ್ಲ. ಬದಿಯಲ್ಲಿ 'ಅಭ್ಯಾಸ ಆಗಿದೆ' ಅಂತ ಬರೆದಿದ್ದಾರೆ. ಇದನ್ನು ಯಾವುದರಲ್ಲಿ ಸೇರಿಸುವುದು?"

ಗಂಟೆ ಹೊಡೆಯಲು ಇನ್ನೂ ಅರ್ಧ ತಾಸಿತ್ತು. ಅಷ್ಟು ಹೊತ್ತು ಬೋರ್ಡಿಗೆ ಮುಖ ಮಾಡಿ, ಯಾರೂ ಕೇಳದ ಸೂತ್ರಗಳನ್ನು ಬರೆದೆ.

ಸಂಜೆ ನೇರ ಅಡುಗೆಮನೆಗೆ ಹೋದೆ. ಶಶಿಕಲಾ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ನಾಲ್ಕು ನಿಮಿಷ ಎಂದು ಯಾಕೆ ಬರೆದೆ ಎಂದು ಕೇಳಿದೆ.

"ಭಾನುವಾರ ಸ್ವಲ್ಪ ಜಾಸ್ತಿ, ಉಳಿದ ದಿನ ಕಮ್ಮಿ. ಸರಾಸರಿ ತೆಗೆದೇ ಬರೆದದ್ದು" ಎಂದಳು. "ಸುಳ್ಳು ಬರೆದರೆ ನಿಮ್ಮ ಪಾಠ ಹಾಳಾಗ್ತದಲ್ಲ ಮಾರಾಯ್ರೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಇವತ್ತು ಮನಸ್ಸು ಬಿಚ್ಚಿ ಮಾತಾಡಿಯೇ ಬಿಡುವುದೆಂದು ಸ್ಟೂಲು ಎಳೆದು ಅವಳ ಬದಿಯಲ್ಲಿ ಕೂತೆ. ಅವಳು ಕೈಕೆಲಸ ನಿಲ್ಲಿಸಿ ನನ್ನತ್ತ ತಿರುಗಿದಳು. ತುಂಬ ಯೋಚಿಸಿ ಬಾಯಿ ತೆರೆದೆ.

"ನಾಳೆ ತಿಂಡಿ ಎಂತ?"

"ನೀರುದೋಸೆ."

ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮತ್ತೊಂದು ಬೀಜ ಎತ್ತಿಕೊಂಡಳು. ಊರಿಗೆಲ್ಲ ಪ್ರಶ್ನೆ ತಯಾರಿಸಿ ಹಂಚಿದ ಮಹಾಶಯನಿಗೆ ಎರಡನೆಯ ಪ್ರಶ್ನೆ ಹೊಳೆಯಲಿಲ್ಲ.