ಅತ್ತೆ ಕಣ್ಣು, ಸೊಸೆ ಕಣ್ಣು

ಇಂದಿರಾನಗರದ ಆ ನರ್ಸಿಂಗ್ ಹೋಮಿನ ಗೇಟು ಕಾಯುವ ಹುಸೇನಪ್ಪ ಸುಮ್ಮನಿದ್ದಿದ್ದರೆ ಹಂಪಣ್ಣನಿಗೆ ಅಂದು ಅಷ್ಟೊಂದು ಪಡಿಪಾಟಲು ಇರುತ್ತಿರಲಿಲ್ಲ. ಲ್ಯಾಬಿನಲ್ಲಿ ಸಹಾಯಕನ ಕೆಲಸ ಖಾಲಿಯಿದೆ ಎಂದು ಹೇಳಿ ಅರ್ಜಿ ಹಾಕಿಸಿದವನೇ ಅವನು. ಇಬ್ಬರೂ ಲಿಂಗಸುಗೂರಿನ ಕಡೆಯವರು. ಸಂದರ್ಶನದ ಬೆಳಗ್ಗೆ ಕಾಕ್ಸ್ ಟೌನಿನ ವಠಾರಕ್ಕೆ ಬಂದು, ಬಾಗಿಲಲ್ಲೇ ನಿಂತು ಇನ್ನೊಂದು ಮಾತು ಸೇರಿಸಿದ.

“ಡಾಕ್ಟರಮ್ಮ ಮೈಕ್ರೋಸ್ಕೋಪಿನ ಭಾಗ ಕೇಳ್ತಾರಂತ. ಯಾವುದರ ಕೆಲಸ ಏನು ಅಂತ ಹೇಳ್ಬೇಕಂತ. ಮಧ್ಯಾಹ್ನದೊಳಗ ಓದ್ಕೊಂಡು ಬಾ.”

ಹಂಪಣ್ಣ ಓದಿದ್ದು ಏಳನೆಯ ತರಗತಿ. ಟಿನ್ ಫ್ಯಾಕ್ಟರಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಹೆಂಡತಿ ಸಾಬಮ್ಮ ನಾಲ್ಕು ಮನೆಯಲ್ಲಿ ರೊಟ್ಟಿ ಬಡಿದು ಸಂಸಾರ ನಡೆಸುತ್ತಿದ್ದಳು.

ಮೈಕ್ರೋಸ್ಕೋಪನ್ನು ಅವನು ನೋಡಿರಲಿಲ್ಲವೆಂದಲ್ಲ. ಹೋದ ಮಳೆಗಾಲದಲ್ಲಿ ಮಗಳು ಜಯಮಾಲಾಳಿಗೆ ಜ್ವರ ಬಂದು ಇಳಿಯದೆ ಹೋದಾಗ, ಯಾವುದೋ ಚಿಕ್ಕ ಲ್ಯಾಬಿನಲ್ಲಿ ರಕ್ತ ಕೊಡಿಸಿದ್ದ. ಕಿಟಕಿಯಾಚೆ ಒಬ್ಬ ಯುವಕ ಆ ಯಂತ್ರದ ಮೇಲೆ ಬಗ್ಗಿ, ಅಷ್ಟೇ ಬೇಗ ಎದ್ದು, “ಮಲೇರಿಯಾ ಏನೂ ಕಾಣ್ಲಿಲ್ಲ, ಬರೀ ಜ್ವರ” ಎಂದಿದ್ದ. ಅದೇ ವಾರ ಮಗು ಹೋಯಿತು. ದೊಡ್ಡಾಸ್ಪತ್ರೆಯವರು ಮಲೇರಿಯಾ ತಲೆಗೆ ಏರಿತ್ತು ಎಂದರು. ಅಂದಿನಿಂದ ಹಂಪಣ್ಣ ಹೆಂಡತಿಗೆ ಒಂದೇ ಸಮಾಧಾನ ಹೇಳುತ್ತ ಬಂದಿದ್ದ: “ಯಂತ್ರಕ್ಕ ಕಾಣ್ಲಿಲ್ಲ ಅಂದಮ್ಯಾಲ ಮನುಷ್ಯಾ ಏನ್ ಮಾಡ್ಯಾನು?” ಆ ಮಾತನ್ನು ಹಿಡಿದುಕೊಂಡೇ ಇಬ್ಬರೂ ದಿನ ದೂಡುತ್ತಿದ್ದರು.

ಹುಸೇನಪ್ಪ ಹೋದ ಮೇಲೆ ಸಾಬಮ್ಮ ಒಲೆಯ ಮುಂದಿನಿಂದ ಏಳದೆಯೇ ಹೇಳಿದಳು. “ಬ್ಯಾರೆ ಯಾವ ಕೆಲಸನೂ ಸಿಗ್ಲಿಲ್ಲೇನ್ರಿ ನಿಮಗ? ಅದರ ಮುಂದ ಹೋಗಿ ನಿಲ್ಲಬ್ಯಾಡ್ರಿ.”

“ನಿಂತರ ಏನಾಗ್ತದ? ಅದರೊಳಗ ಏನ್ ಕಾಣ್ತದ ಅಂತ ನಾನೂ ಒಂದ್ಸಲ ನೋಡ್ಬೇಕು” ಎಂದ ಹಂಪಣ್ಣ.

ವಠಾರದಲ್ಲಿ ಸುದ್ದಿ ಹರಡಲು ಹಾಲಿನವನು ಸಾಕು. ಮನೆ ಒಡತಿ ಪಟಾಲಮ್ಮ ಮಗಳ ಹಳೇ ವಿಜ್ಞಾನದ ಪುಸ್ತಕವನ್ನು ಅಟ್ಟದಿಂದ ಇಳಿಸಿ, ದೂಳು ಕೊಡವಿ, ಹಂಪಣ್ಣನನ್ನು ಜಗುಲಿಯಲ್ಲಿ ಕೂರಿಸಿಕೊಂಡಳು. ಚಿತ್ರದ ಸುತ್ತ ಬಾಣದ ಗುರುತುಗಳು ಮುಳ್ಳುಹಂದಿಯ ಮೈಯಂತೆ ಚಾಚಿದ್ದವು. ನೇತ್ರಕ, ವಸ್ತುಕ, ಸ್ಥೂಲ ಹೊಂದಾಣಿಕೆಯ ತಿರುಪು. ಹಂಪಣ್ಣ ಒಂದು ಹೆಸರು ನುಂಗಿದರೆ ಹಿಂದಿನದು ಹೊರಗೆ ಬರುತ್ತಿತ್ತು.

ಪಕ್ಕದ ಮನೆಯ ದರ್ಜಿ ಖುರ್ಷೀದ್ ಸಾಹೇಬರು ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಬಂದರು. “ಅರೆ, ಇದು ನಮ್ದು ಹೊಲಿಗೆ ಮಿಷಿನ್ನೇ. ಇದು ತೋಳು, ಇದು ಕಾಲು, ಇದು ಚಕ್ರ. ಹೆದರ್ತೀರಿ ಯಾಕೆ?”

“ನಿಮ್ ಮಿಷಿನ್ ನೀವಿಟ್ಕೊಳ್ಳಿ” ಎಂದಳು ಪಟಾಲಮ್ಮ. “ಹಂಪಣ್ಣ, ಇದೊಂದು ಮನೆ ಅಂದ್ಕೋ. ಮೇಲೆ ಕಣ್ಣಿಟ್ಟು ನೋಡ್ತೀವಲ್ಲ, ಅದು ಅತ್ತೆ ಕಣ್ಣು. ಕೆಳಗೆ ಸ್ಲೈಡಿನ ಹತ್ರ ಇರೋದು ಸೊಸೆ ಕಣ್ಣು. ಇದ್ದದ್ದನ್ನ ಸೊಸೆ ದೊಡ್ಡದು ಮಾಡಿ ಹೇಳ್ತಾಳೆ, ಅತ್ತೆ ಅದನ್ನ ಇನ್ನೂ ದೊಡ್ಡದು ಮಾಡ್ತಾಳೆ.”

ಹಂಪಣ್ಣನಿಗೆ ಅದು ಒಂದೇ ಸಲಕ್ಕೆ ಹಿಡಿಸಿತು. ಪಟಾಲಮ್ಮನಿಗೂ ಹುರುಪು ಬಂತು. ದೊಡ್ಡ ತಿರುಪು ಮಾವ: ಒಂದು ಸಲ ತಿರುಗಿದರೆ ಕೊಳವೆಯನ್ನೇ ಮೇಲೆ ಕೆಳಗೆ ಎತ್ತಿಳಿಸುತ್ತಾನೆ. ಸಣ್ಣ ತಿರುಪು ಅಳಿಯ: ಅಲುಗಾಡಿದ್ದು ಕಾಣುವುದಿಲ್ಲ, ಮಸುಕಾಗಿದ್ದೆಲ್ಲ ಸ್ಪಷ್ಟವಾಗುತ್ತದೆ. ಸ್ಲೈಡು ಇಡುವ ಜಾಗ ಜಗುಲಿ, ಅದನ್ನು ಜಾರದಂತೆ ಹಿಡಿಯುವ ಎರಡು ಕ್ಲಿಪ್ಪು ನೆಂಟರನ್ನು ಹೋಗಗೊಡದ ಅಕ್ಕತಂಗಿಯರು. ತಳದ ಕನ್ನಡಿ ಬೆಳಕು ತರುವ ಕಿಟಕಿ, ಅದರ ಮೇಲಿನ ತೂತನ್ನು ಹಿಗ್ಗಿಸಿ ಕುಗ್ಗಿಸುವ ತಟ್ಟೆ ಆ ಕಿಟಕಿಯ ಪರದೆ. ಎಲ್ಲವನ್ನೂ ಹೊತ್ತ ಪೀಠ ಮಾತ್ರ ಯಾರೂ ವಿಚಾರಿಸದ ಮನೆಯ ಯಜಮಾನ. ಸ್ವಂತ ಗಂಡ ಅಲ್ಲೇ ಪೇಪರು ಓದುತ್ತಿದ್ದರೂ ಪಟಾಲಮ್ಮ ಅದನ್ನು ಗಟ್ಟಿಯಾಗಿಯೇ ಹೇಳಿದಳು.

ಸೋತ ಖುರ್ಷೀದ್ ಸಾಹೇಬರು ಇನ್ನೊಂದು ರೀತಿಯಲ್ಲಿ ಗೆಲ್ಲಲು ನೋಡಿದರು. ಯಾರೋ ಗಿರಾಕಿಯ ಕೋಟು ತಂದು ಹಂಪಣ್ಣನಿಗೆ ತೊಡಿಸಿದರು. “ತೋಳಿಗೆ ಕಚ್ಚಾ ಹೊಲಿಗೆ ಅಷ್ಟೇ ಹಾಕಿರೋದು. ಕೈ ಮೇಲೆ ಎತ್ಬೇಡಿ, ಬಸ್.”

ಬಸ್ಸಿನಲ್ಲಿ ಕೈ ಎತ್ತದೆ ನಿಲ್ಲುವವರುಂಟೇ? ಹಲಸೂರು ಕೆರೆಯ ತಿರುವಿನಲ್ಲಿ ಚಾಲಕ ಬ್ರೇಕು ಹಾಕಿದ. ಹಂಪಣ್ಣ ಕಂಬಿ ಹಿಡಿದ. ಕೋಟಿನ ಬಲತೋಳು ಭುಜ ಬಿಟ್ಟು, ಸಿಪ್ಪೆ ಸುಲಿದ ಬಾಳೆಹಣ್ಣಿನಂತೆ ಮೊಣಕೈಗೆ ಇಳಿಯಿತು. ಅಷ್ಟು ಹೊತ್ತು ಅವನು ತುಟಿಯಲ್ಲೇ “ಅತ್ತೆ ಕಣ್ಣು, ಸೊಸೆ ಕಣ್ಣು, ಮಾವ ಕೆಳಗೆ, ಅಳಿಯ ನಿಧಾನ” ಎಂದುಕೊಳ್ಳುತ್ತಿದ್ದುದನ್ನು ಕೇಳುತ್ತಿದ್ದ ಮುದುಕಿಯೊಬ್ಬಳು ಕನಿಕರದಿಂದ ಎದ್ದು ಸೀಟು ಬಿಟ್ಟುಕೊಟ್ಟಳು. “ಕೂತ್ಕೊಳ್ಳಪ್ಪ. ಎಲ್ಲಾರ ಮನೇಲೂ ಇರೋದೇ ಇದು.”

ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಇನ್ನೊಬ್ಬ ಅಭ್ಯರ್ಥಿ ಕೂತಿದ್ದ. ಹೆಸರು ಮುನಿಆಂಜನಪ್ಪ, ಕೆ.ಆರ್. ಪುರದವನು, ಎಸ್ಸೆಸ್ಸೆಲ್ಸಿ ಪಾಸು, ಇತ್ತೀಚೆಗೆ ಮದುವೆಯಾದವನು. ಹಂಪಣ್ಣ ಹರಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಂದದ್ದನ್ನು ನೋಡಿ, ಕೇಳದೆಯೇ ತನ್ನ ಕೀಗೊಂಚಲಿನಿಂದ ಪಿನ್ನು ಬಿಚ್ಚಿ ಭುಜಕ್ಕೆ ಚುಚ್ಚಿ ಕೂರಿಸಿದ.

“ಅಣ್ಣ, ಏನ್ ಕೇಳ್ತಾರಂತೆ ಒಳಗೆ?”

“ಮೈಕ್ರೋಸ್ಕೋಪಿನ ಭಾಗ ಕೇಳ್ತಾರಂತ.”

ಮುನಿಆಂಜನಪ್ಪನ ಮುಖ ಬಿಳಿಚಿಕೊಂಡಿತು. “ನಂಗೆ ಒಂದೂ ನೆನಪಿಲ್ಲ.”

ಹಂಪಣ್ಣನಿಗೆ ಭುಜದ ಮೇಲಿನ ಪಿನ್ನು ಚುಚ್ಚಿದಂತಾಯಿತು. ಉಪಕಾರ ಮಾಡಿದವನ ಮುಂದೆ ಗೊತ್ತಿದ್ದುದನ್ನು ಮುಚ್ಚಿಟ್ಟುಕೊಂಡು ಕೂರುವುದು ಹೇಗೆ? ಅತ್ತೆಯಿಂದ ಆರಂಭಿಸಿ ಯಜಮಾನನವರೆಗೆ ಇಡೀ ಸಂಸಾರವನ್ನು ಅವನಿಗೆ ಒಪ್ಪಿಸಿದ. ಮಾತಿನ ಮಧ್ಯೆ ತಾನು ಕಾಕ್ಸ್ ಟೌನಿನಲ್ಲಿ, ಚರ್ಚಿನ ಹಿಂದೆ, ಪಟಾಲಮ್ಮನ ವಠಾರದಲ್ಲಿರುವುದನ್ನೂ ಹೇಳಿದ. ಅಷ್ಟರಲ್ಲಿ ಒಳಗಿನಿಂದ ಮುನಿಆಂಜನಪ್ಪನನ್ನು ಕರೆದರು.

ಅವನು ಹೊರಗೆ ಬರುವಾಗ ನಗುತ್ತಿದ್ದ. ಹಂಪಣ್ಣ ಒಳಗೆ ಹೋದ.

ಡಾಕ್ಟರ್ ಜಹನಾರಾ ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ಮ್ಯಾನೇಜರು ನಜೀರ್. ನಡುವೆ ಆ ಯಂತ್ರ. ಕಿಟಕಿಯ ಬಿಸಿಲಿನಲ್ಲಿ ಅದು ಇಷ್ಟೇ ಇಷ್ಟಿತ್ತು. ಅವನ ನೆನಪಿನಲ್ಲಿ ಅದು ಆಳೆತ್ತರದ್ದಾಗಿತ್ತು.

“ಹೇಳಿ, ಇದೇನು?” ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು.

“ಅತ್ತೆ ಕಣ್ರಿ.”

ಡಾಕ್ಟರೂ ನಜೀರರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಂಪಣ್ಣ ಮೆಚ್ಚಿದರೆಂದು ತಿಳಿದು ಒಂದೇ ಉಸಿರಿಗೆ ಕೆಳಗಿನವರೆಗೆ ಹೇಳಿ ಮುಗಿಸಿದ. ಒಂದೂ ತಪ್ಪಲಿಲ್ಲ. ಡಾಕ್ಟರು ಒಂದು ಸ್ಲೈಡು ಇಟ್ಟು, “ನೋಡಿ, ಏನು ಕಾಣುತ್ತೆ?” ಎಂದರು.

ಹಂಪಣ್ಣ ಬಗ್ಗಿದ. ಮೊದಲು ಕಂಡದ್ದು ಅವನದೇ ರೆಪ್ಪೆಯ ಕೂದಲು. ಕನ್ನಡಿ ತಿರುಗಿಸಿದ, ಬೆಳಕು ಬಂತು. ಸಣ್ಣ ತಿರುಪನ್ನು ನಿಧಾನ ಸರಿಸಿದ. ಮಂಜು ಕರಗಿ, ತಿಳಿಗೆಂಪು ಬಿಲ್ಲೆಗಳು ಒತ್ತೊತ್ತಾಗಿ ಹರಡಿಕೊಂಡವು.

“ರಕ್ತ ಅದು” ಎಂದರು ಡಾಕ್ಟರು.

ಅವನು ತಲೆಯೆತ್ತಲಿಲ್ಲ. “ಮೇಡಮ್ಮಾರ, ಒಂದು ಮಾತು ಕೇಳ್ಲೇನ್ರಿ? ಮಲೇರಿಯಾ ಇದ್ರೂ ಕೆಲವೊಂದ್ಸಲ ಈ ಯಂತ್ರಕ್ಕ ಕಾಣಂಗಿಲ್ಲ, ಹೌದಲ್ರಿ?”

“ಯಂತ್ರಕ್ಕೆ ಕಾಣಲ್ಲ ಅನ್ನೋದು ಕಡಿಮೆ” ಎಂದರು ಡಾಕ್ಟರು, ಪಾಠ ಹೇಳುವ ದನಿಯಲ್ಲಿ. “ನೋಡೋರಿಗೆ ತಾಳ್ಮೆ ಬೇಕು. ಒಂದು ಜಾಗ ನೋಡಿ ಎದ್ದುಬಿಟ್ರೆ ತಪ್ಪಿಹೋಗುತ್ತೆ. ಸ್ಲೈಡು ಸರಿಸ್ತಾ ಸರಿಸ್ತಾ ಪೂರ್ತಿ ನೋಡ್ಬೇಕು. ಅನುಮಾನ ಇದ್ರೆ ಮತ್ತೆ ರಕ್ತ ತಗೋಬೇಕು.”

ಹಂಪಣ್ಣ ಕಣ್ಣು ತೆಗೆಯದೆ ಹಾಗೆಯೇ ಬಗ್ಗಿದ್ದ. ಬಿಲ್ಲೆಗಳೆಲ್ಲ ಮತ್ತೆ ಮಸುಕಾದವು. ತಿರುಪು ಯಾರೂ ಮುಟ್ಟಿರಲಿಲ್ಲ.

“ಇರಲಿ, ಏಳಿ” ಎಂದರು ನಜೀರ್. “ಇದೆಲ್ಲ ಎಲ್ಲಿ ಕಲಿತ್ರಿ? ಈಗ ಬಂದು ಹೋದೋರೂ ಅತ್ತೆ, ಸೊಸೆ ಅಂತಲೇ ಹೇಳಿದ್ರು. ಒಂದಕ್ಷರ ಆಚೀಚೆ ಇಲ್ಲ. ಬಾಗಿಲ ಹತ್ರ ನಿಂತು ಕೇಳಿಸ್ಕೊಂಡ್ರಾ?”

“ಇಲ್ರಿ ಸಾಹೇಬ್ರ. ನಾನಾ ಅವಗ ಹೇಳಿಕೊಟ್ಟೀನ್ರಿ.”

ನಜೀರ್ ಅರ್ಜಿಯ ಮೇಲೆ ಬೆರಳಿಟ್ಟರು. “ಅವ್ರು ಎಸ್ಸೆಸ್ಸೆಲ್ಸಿ. ನೀವು ಏಳನೇ ಕ್ಲಾಸು. ನೀವು ಅವ್ರಿಗೆ ಹೇಳಿಕೊಟ್ರಾ? ಆಯ್ತು, ನೀವು ಹೊರಡಿ.”

ಹಂಪಣ್ಣ ಮೇಜಿನಿಂದ ಹಿಂದೆ ಸರಿದ. ಕೈ ಮುಗಿದ. ಪಿನ್ನು ಕಿತ್ತುಬಂದು ತೋಳು ಮತ್ತೆ ಇಳಿಯಿತು. ಅದನ್ನು ಹಿಡಿದುಕೊಂಡು ಹೊರಗೆ ನಡೆದ. ಬಸ್ಸು ಹತ್ತಲಿಲ್ಲ. ಹಲಸೂರಿನ ಕೆರೆ ಬಳಸಿಕೊಂಡು ಕಾಕ್ಸ್ ಟೌನಿನವರೆಗೆ ನಡೆದೇ ಹೋದ.

“ಸಿಗ್ಲಿಲ್ಲ” ಎಂದ ಮನೆಯಲ್ಲಿ.

“ಒಳ್ಳೇದಾತು ಬಿಡ್ರಿ” ಎಂದಳು ಸಾಬಮ್ಮ. ನೀರು ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. “ನೋಡಿದ್ರೇನು ಅದರೊಳಗ?”

“ನೋಡಿದೆ. ಎಲ್ಲಾ ಕತ್ತಲ. ಏನೂ ಕಾಣಂಗಿಲ್ಲ ಅದರಾಗ.”

“ನಾನೂ ಹಂಗ ಅಂದ್ಕೊಂಡಿದ್ದೆ” ಎಂದಳು ಅವಳು, ಸಮಾಧಾನದಿಂದ.

ದೀಪ ಹಚ್ಚುವ ಹೊತ್ತಿಗೆ ವಠಾರದ ಬಾಗಿಲಲ್ಲಿ ಮುನಿಆಂಜನಪ್ಪ ಪ್ರತ್ಯಕ್ಷನಾದ. ಕೈಯಲ್ಲಿ ಬೇಕರಿಯ ಪೊಟ್ಟಣ, ಮುಖದಲ್ಲಿ ಪೂರ್ತಿ ಅಪರಾಧ. ಕೆಲಸ ಅವನಿಗೇ ಆಗಿತ್ತು.

“ಅಣ್ಣ, ನೀವು ಹೋದ್ಮೇಲೆ ನನ್ನ ಮತ್ತೆ ಒಳಗೆ ಕರೆದು ಕೇಳಿದ್ರು, ನೀವು ಹೇಳಿಕೊಟ್ಟಿದ್ದು ನಿಜಾನಾ ಅಂತ. ನಾನು ಬಾಯಿ ಬಿಡ್ಲಿಲ್ಲ. ಹೆಂಡ್ತಿ ಬಸುರಿ ಅಣ್ಣ.” ನೆಲ ನೋಡುತ್ತ ನಿಂತ. “ಬೆಳಗ್ಗೆ ಡಾಕ್ಟರ್ ಮುಂದೆ ಎಲ್ಲಾ ಮಾಡಿ ತೋರಿಸ್ಬೇಕಂತೆ. ಕಲಿತ ಮೇಲೆ ಜ್ವರದೋರ ರಕ್ತ ನೋಡೋಕೂ ಬಿಡ್ತಾರಂತೆ. ನಂಗೆ ಮಾವ ಯಾರು ಅಳಿಯ ಯಾರು ಅಂತ ಮರೆತೇ ಹೋಯ್ತು. ಇನ್ನೊಂದ್ಸಲ ಹೇಳ್ಕೊಡ್ತೀರಾ?”

ಜಗುಲಿಯಲ್ಲಿದ್ದ ಪಟಾಲಮ್ಮ ಪೊರಕೆ ಹುಡುಕಲು ಎದ್ದಳು. ಹಂಪಣ್ಣ ಅವಳನ್ನು ಕೈಸನ್ನೆಯಿಂದ ತಡೆದ. ಅವನನ್ನು ಮನೆಯೊಳಗೆ ಕರೆದು ಚಾಪೆ ಹಾಸಿ, “ಕೂಡು” ಎಂದ.

ಮೊದಲಿನಿಂದ ಹೇಳಿಕೊಟ್ಟ. ದೊಡ್ಡ ತಿರುಪು, ಸಣ್ಣ ತಿರುಪು, ಕನ್ನಡಿ. ಎಲ್ಲ ಮುಗಿದ ಮೇಲೆ ಅವನ ಮೊಣಕಾಲ ಮೇಲೆ ಕೈಯಿಟ್ಟ. ದನಿ ತಗ್ಗಿಸಿದ್ದೇನೋ ನಿಜ, ಆದರೆ ಒಂದೇ ಕೋಣೆಯ ಮನೆ.

“ಇದೊಂದು ಮರೀಬ್ಯಾಡ. ಒಂದು ಜಾಗ ನೋಡಿ ಏನೂ ಇಲ್ಲ ಅಂತ ಎದ್ದು ಬರಬ್ಯಾಡ. ಸರಿಸಿ ಸರಿಸಿ ಪೂರಾ ನೋಡು. ಅನುಮಾನ ಬಂದ್ರ ಮತ್ತ ರಕ್ತ ತಗಿ. ಯಂತ್ರಕ್ಕ ಎಲ್ಲಾ ಕಾಣ್ತದ.”

ಒಲೆಯ ಮುಂದೆ ಚಹಾ ಸೋಸುತ್ತಿದ್ದ ಸಾಬಮ್ಮನ ಕೈ ನಿಂತಿತು. ಅವಳು ತಿರುಗಿ ಗಂಡನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಮುನಿಆಂಜನಪ್ಪ ಏನೂ ಅರ್ಥವಾಗದೆ ಇಬ್ಬರನ್ನೂ ನೋಡಿದ.

ಅವಳು ಲೋಟ ತಂದು ಮುನಿಆಂಜನಪ್ಪನ ಮುಂದಿಟ್ಟಳು. ಹೋಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಚಾಪೆಯ ಅಂಚಿನಲ್ಲಿ ಕೂತಳು.

“ಈಗ ಇವ್ರು ಏನ್ ಹೇಳಿದ್ರು, ಅದನ್ನ ನೀ ಹೇಳಪಾ” ಎಂದಳು. “ನಾ ಕೇಳ್ತೀನಿ.”