ಪೇಪರಿಗೆ ಕೊಡುವ ಫೋಟೋ

ನಮ್ಮ ಮನೆತನದ ಹದಿನಾಲ್ಕು ಜನರ ಸಾವಿಗೂ ನಮ್ಮ ದೊಡ್ಡಮ್ಮ ಪೂರ್ತಿ ತಯಾರಾಗಿ ಕೂತಿದ್ದಾರೆ. ಗಾಬರಿಯಾಗಬೇಡಿ, ವಿಷ ಹಾಕುವವರಲ್ಲ. ಅವರ ಅಕ್ಕಿರೊಟ್ಟಿ ತಿಂದು ಆರ್‌ಪಿಸಿ ಲೇಔಟಿನ ಅರ್ಧ ರಸ್ತೆ ಸುಖವಾಗಿ ಬದುಕಿದೆ. ಆದರೆ ನಮ್ಮಲ್ಲಿ ಯಾರು ಯಾವತ್ತು ಹೋದರೂ ಪೇಪರಿಗೆ ಕೊಡಲು ಒಂದೊಂದು ಒಳ್ಳೆಯ ಫೋಟೋ ಅವರ ಬೀರುವಿನಲ್ಲಿದೆ.

ಪ್ರತಿ ಯುಗಾದಿಯಂದು ಒಬ್ಬಟ್ಟು ಬಡಿಸುವ ಮೊದಲು ನಾವು ಒಬ್ಬೊಬ್ಬರಾಗಿ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಕೂಲಿಂಗ್ ಗ್ಲಾಸ್ ಇಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚುವಂತಿಲ್ಲ. ಕೈಯಲ್ಲಿ ಲೋಟ ಇರಲೇಕೂಡದು, ಪಾನಕದ್ದಾದರೂ ಸರಿ! ಜೋರಾಗಿ ನಕ್ಕರೆ ಶೋಕಿವಾಲ ಅನ್ನುತ್ತಾರಂತೆ, ಮುಖ ಗಂಟು ಹಾಕಿದರೆ ಕುಖ್ಯಾತ ಅನ್ನುತ್ತಾರಂತೆ. ಫೋಟೋದ ಹಿಂದೆ ದೊಡ್ಡಮ್ಮನೇ ಬರೆಯುತ್ತಾರೆ. ನನ್ನದರ ಹಿಂದೆ 'ಬ್ಯಾಂಕ್ ನೌಕರ, ಸಭ್ಯಸ್ಥ, ಸ್ವಲ್ಪ ಸೋಮಾರಿ' ಎಂದಿದೆ. ಸತ್ತ ಮೇಲೂ ಸೋಮಾರಿತನ ಬಯಲಾಗಬೇಕೇ?

ನನ್ನ ತಮ್ಮನ ಹೆಂಡತಿ ಮದುವೆಯಾಗಿ ಬಂದ ಮೊದಲ ಯುಗಾದಿ. ಪಾಪ, ರೇಷ್ಮೆ ಸೀರೆಯುಟ್ಟು ಗೋಡೆಯ ಮುಂದೆ ನಿಂತು, ಆಲ್ಬಮ್ಮಿಗಾ ಎಂದು ಕೇಳಿದಳು. "ಇಲ್ಲಮ್ಮ, ಪೇಪರಿಗೆ. ನಿಂಗೇನಾದ್ರೂ ಆದ್ರೆ ಇರ್ಲಿ ಅಂತ" ಎಂದರು ದೊಡ್ಡಮ್ಮ. ಆ ಹುಡುಗಿ ಅವತ್ತು ಒಬ್ಬಟ್ಟು ಮುಟ್ಟಲಿಲ್ಲ.

ಬೆಳಗ್ಗೆ ಅವರು ಪೇಪರ್ ಓದುವ ರೀತಿಯೂ ಬೇರೆ. ಮೊದಲು ಫೋಟೋವನ್ನು ಅಂಗೈಯಲ್ಲಿ ಮುಚ್ಚಿ ಸುದ್ದಿ ಓದುತ್ತಾರೆ, ಆಮೇಲೆ ಕೈ ತೆಗೆದು ಫೋಟೋ ನೋಡುತ್ತಾರೆ. ಎರಡೂ ಒಂದೇ ಮಾತು ಹೇಳದಿದ್ದರೆ ಪತ್ರಿಕೆಯ ಕಚೇರಿಗೆ ಫೋನ್! ಒಮ್ಮೆ 'ಎನ್ನಲಾಗಿದೆ' ಎಂದು ಬರೆದಿದ್ದೀರಲ್ಲ, ಅಂದವರು ಯಾರು ಎಂದು ವಿಚಾರಿಸಿದರು. ನಂಬಲರ್ಹ ಮೂಲಗಳು ಎಂದಿತು ಆ ಕಡೆಯ ದನಿ. ಹಾಗಾದರೆ ಅವರಿಗೇ ಫೋನ್ ಕೊಡಿ, ನಾನು ಕಾಯುತ್ತೇನೆ ಎಂದರು ದೊಡ್ಡಮ್ಮ. ಇಪ್ಪತ್ತು ನಿಮಿಷ ಕಾದರು ಕೂಡ.

ಇಷ್ಟು ಹೇಳಿ ನಗಿಸಿ ಸುಮ್ಮನಾಗಬಹುದಿತ್ತು. ನಾನು ಇಷ್ಟು ವರ್ಷ ಮಾಡಿದ್ದೂ ಅದನ್ನೇ.

ದೊಡ್ಡಮ್ಮನ ಒಬ್ಬನೇ ಮಗ, ನಮ್ಮ ಅಣ್ಣ, ಒಂದು ಬೆಳಗ್ಗೆ ಬೈಕಿನಲ್ಲಿ ಆಫೀಸಿಗೆ ಹೊರಟಿದ್ದ. ಕೆಂಗೇರಿಯ ಹತ್ತಿರ ಹಿಂದಿನಿಂದ ಬಂದ ಟ್ಯಾಂಕರ್ ಗುದ್ದಿತು. ಮರುದಿನದ ಪೇಪರಿನಲ್ಲಿ 'ಮೋಜಿನ ಸವಾರಿ: ಯುವಕನ ದುರಂತ ಅಂತ್ಯ' ಎಂಬ ತಲೆಬರಹ. ಕೆಳಗೆ ಗೆಳೆಯನ ಮದುವೆಯಲ್ಲಿ ದ್ರಾಕ್ಷಿ ಜ್ಯೂಸಿನ ಲೋಟ ಎತ್ತಿ ನಗುತ್ತಿರುವ ಅಣ್ಣ. ಕುಡಿದಿದ್ದ ಎಂದು ಎಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಹೋಗಿ ಜಗಳವಾದರೂ ಆಡಬಹುದಿತ್ತು. ಕಾಫಿಯನ್ನೂ ಕುಡಿಯದವನ ವೈಕುಂಠ ಸಮಾರಾಧನೆಗೆ ಬಂದವರು ದೊಡ್ಡಮ್ಮನ ಕೈ ಹಿಡಿದು, ಚಟ ಬಿಡಿಸಬಹುದಿತ್ತಲ್ಲ ಎಂದು ಸಮಾಧಾನ ಹೇಳಿದರು.

ಆ ಫೋಟೋ ಕೊಟ್ಟವನು ನಾನು. ಶವಾಗಾರದ ಮುಂದೆ ನಿಂತಿದ್ದಾಗ ವರದಿಗಾರ ಒಂದು ಫೋಟೋ ಬೇಕೆಂದ. ಮೊಬೈಲಿನಲ್ಲಿ ಕೈಗೆ ಸಿಕ್ಕಿದ್ದನ್ನು ಕಳಿಸಿದೆ. ಅದರಲ್ಲಿ ಅಂಥದೇ ಲೋಟ ಹಿಡಿದು ನಾನೂ ಇದ್ದೆ. ಪೇಪರಿನವರು ನನ್ನನ್ನು ಕತ್ತರಿಸಿ ತೆಗೆದಿದ್ದರು. ಅಣ್ಣನ ಹೆಗಲ ಮೇಲೆ ನನ್ನ ನಾಲ್ಕು ಬೆರಳು, ಹವಳದ ಉಂಗುರ ಮಾತ್ರ ಉಳಿದಿದ್ದವು. ಯಾರು ಕೊಟ್ಟದ್ದೆಂದು ದೊಡ್ಡಮ್ಮ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಹೇಡಿ ನಾನು.

ಅದರ ಮುಂದಿನ ಯುಗಾದಿಗೇ ದೊಡ್ಡಮ್ಮನ ಈ ಫೋಟೋ ಶುರುವಾದದ್ದು. ಅಂದಿನಿಂದ ನಾನು ಕೈ ಹಿಂದೆ ಕಟ್ಟಿಯೇ ನಿಲ್ಲುತ್ತೇನೆ. ಈ ವರ್ಷ ದೊಡ್ಡಮ್ಮ ಮೊಬೈಲು ಕೆಳಗಿಳಿಸಿ ಹತ್ತಿರ ಬಂದು, ನನ್ನ ಕೈಯನ್ನು ಮುಂದಕ್ಕೆ ಎಳೆದುಕೊಂಡರು. ಉಂಗುರದ ಮೇಲೆ ಹೆಬ್ಬೆರಳು ಸವರಿದರು.

"ಈ ಉಂಗುರ ನಿಂಗೆ ಹಾಕಿದ್ದು ನಾನೇ ಅಲ್ವೇನೋ. ಅವತ್ತು ಪೇಪರ್ ನೋಡಿದ ತಕ್ಷಣ ಗೊತ್ತಾಯ್ತು."

ನಾನು ಕೈ ಎಳೆದುಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ.

"ಮನೇಲಿ ಅವನ್ದೊಂದು ನೆಟ್ಟಗಿರೋ ಫೋಟೋ ನಾನು ಇಟ್ಟಿದ್ರೆ, ನೀನು ಅದನ್ನೇ ಕೊಡ್ತಿದ್ದೆ ಕಣೋ. ತಪ್ಪು ನಂದು."

ಅಲ್ಲ ಎಂದು ತಲೆಯಾಡಿಸಿದೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, ಹಿಂದಕ್ಕೆ ಹೋಗಿ ಮೊಬೈಲು ಎತ್ತಿದರು. ಕಣ್ಣು ಕೆಂಪಗಿದ್ದರೆ ಕುಡುಕ ಅನ್ನುತ್ತಾರೆ, ಅಂಥ ಫೋಟೋ ಬೇಡವೇ ಬೇಡ ಎನ್ನುವುದು ಅವರದೇ ಕಾನೂನು. ಆದರೂ ತೆಗೆದರು, ಪ್ರಿಂಟ್ ಹಾಕಿಸಿ ಬೀರುವಿನಲ್ಲಿ ಇಟ್ಟುಕೊಂಡರು. ಅದರ ಹಿಂದೆ ಈ ಸಲ ಬ್ಯಾಂಕ್ ನೌಕರ ಎಂದಿಲ್ಲ, 'ನನ್ನ ಮಗ' ಎಂದಿದೆ.