ಬಹುಮತದ ಪ್ರೊಸೆಸರ್

ಆ ಮನೆಯಲ್ಲಿ ಪರದೆಯ ಬಣ್ಣದಿಂದ ಹಿಡಿದು ಕಿಟಕಿ ತೆರೆಯಬೇಕೋ ಬೇಡವೋ ಎಂಬವರೆಗೆ ಎಲ್ಲವೂ ಕೈ ಎತ್ತಿಯೇ ತೀರ್ಮಾನವಾಗುತ್ತಿತ್ತು. ಯಜಮಾನ ಗಿರಣಿ ಕಾರ್ಮಿಕರ ಸಂಘದ ಅಧ್ಯಕ್ಷನಾಗಿದ್ದವನು. ಗಿರಣಿ ಮುಚ್ಚಿತು, ಸಂಘ ಚದುರಿತು. ಅಧ್ಯಕ್ಷ ಎಂಬ ಹೆಸರು ಮಾತ್ರ ಗೋಡೆಗೆ ಮೆತ್ತಿದ ಭಿತ್ತಿಪತ್ರದ ಹಾಗೆ ಕೆರೆದರೂ ಬಿಡದೆ ಉಳಿಯಿತು. ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅವಳ ಬಾಯಲ್ಲಿ ಅದು ಬೈಗುಳಕ್ಕೆ ಬಹಳ ಹತ್ತಿರವಿತ್ತು.

ಹೆಂಡತಿ ದರ್ಜಿ. ಗಿರಾಕಿಗಳ ಅಳತೆ, ಕತ್ತರಿಸುವ ನಕ್ಷೆ ಎಲ್ಲ ಮೂಲೆಯ ಹಳೆ ಕಂಪ್ಯೂಟರಿನ ಹೊಟ್ಟೆಯಲ್ಲಿದ್ದವು. ಆ ಶನಿವಾರದೊಳಗೆ ಬ್ಯಾಂಡಿನವರ ಕೋಟುಗಳನ್ನು ಹೊಲಿದು ಕೊಡಬೇಕಿತ್ತು. ತಪ್ಪಿದರೆ ಬ್ಯಾಂಡಿನವರು ಬೇರೆ ದರ್ಜಿಯ ಬಾಗಿಲಿಗೆ ಹೋಗುತ್ತಿದ್ದರು, ವರ್ಷವಿಡೀ ಬರುತ್ತಿದ್ದ ಕೆಲಸವೂ ಅವರ ಹಿಂದೆಯೇ ಹೋಗುತ್ತಿತ್ತು. ಕಂಪ್ಯೂಟರ್ ಮಾತ್ರ ಒಂದು ತೋಳಿನ ಚಿತ್ರ ಬಿಡಿಸುವಷ್ಟರಲ್ಲಿ ತೂಕಡಿಸುತ್ತಿತ್ತು. ಇದಕ್ಕೇನಾದರೂ ಮಾಡಿ ಎಂದು ಅವಳು ಬಾಯಿಬಿಟ್ಟದ್ದೇ ತಪ್ಪಾಯಿತು.

ಅಧ್ಯಕ್ಷ ಎದ್ದವನೇ ಗುಜರಿ ಅಂಗಡಿ ಇಟ್ಟಿದ್ದ ಹಳೆಯ ಸಂಗಾತಿಯ ಬಳಿ ಹೋಗಿ ಒಂದು ಪ್ರೊಸೆಸರ್ ತಂದ. ಬಿಸ್ಕತ್ತಿನಷ್ಟಗಲದ ಹೊಳೆಯುವ ತುಂಡು. ಕಂಪ್ಯೂಟರಿನ ಮಿದುಳು ಇದೇ, ಕೂರುವ ಗುಂಡಿ ಒಂದೇ ಆಕಾರದ್ದು, ಕಣ್ಣು ಮುಚ್ಚಿ ಹಾಕು ಎಂದು ಸಂಗಾತಿ ಭರವಸೆ ಕೊಟ್ಟಿದ್ದ. (ಆ ಸಂಗಾತಿ ಮುಷ್ಕರದ ದಿನಗಳಲ್ಲೂ ಭರವಸೆಗೆ ಕೊರತೆ ಮಾಡಿದವನಲ್ಲ.)

ಲಿಫ್ಟ್ ರಿಪೇರಿ ಮಾಡುವ ಮಗಳು ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು.

"ಅಪ್ಪಾ, ಗುಂಡೀಲಿ ಕೂತ್ರೆ ಆಗಲ್ಲ, ಮದರ್‌ಬೋರ್ಡ್ ಅದನ್ನ ಗುರುತು ಹಿಡೀಬೇಕು. ಬೋರ್ಡಿನ ಮೇಲೇ ಅದರ ಮಾದರಿ ಬರೆದಿರುತ್ತೆ. ಯಾವ ಪ್ರೊಸೆಸರ್ ಅದಕ್ಕೆ ನಡೆಯುತ್ತೆ ಅಂತ ಕಂಪನಿಯವರು ಪಟ್ಟಿ ಹಾಕಿರ್ತಾರೆ. ಮೊದಲು ಅದನ್ನ ನೋಡು."

ಕಂಪನಿಯ ಪಟ್ಟಿ ಎಂದಿದ್ದೇ ತಡ, ಅಧ್ಯಕ್ಷನ ಮೀಸೆ ನೆಟ್ಟಗಾಯಿತು. ಅಂಥದೊಂದು ಪಟ್ಟಿಯಲ್ಲಿ ಹೆಸರು ಬಂದು ಎಷ್ಟೋ ಗಿರಣಿಗಳ ಗೇಟುಗಳು ಅವನ ಮುಖಕ್ಕೆ ಮುಚ್ಚಿದ್ದವು.

"ಯಾರು ಎಲ್ಲಿ ಕೆಲಸ ಮಾಡಬೇಕು ಅಂತ ಆಡಳಿತ ಮಂಡಳಿ ಪಟ್ಟಿ ಮಾಡೋದು, ಅದಕ್ಕೆ ನಾನು ತಲೆ ಬಾಗಿಸೋದು. ಈ ಮನೇಲಿ ಅದು ನಡೆಯಲ್ಲ. ಮತಕ್ಕೆ ಹಾಕ್ತೀನಿ."

ಈ ಪ್ರೊಸೆಸರ್ ಈ ಮದರ್‌ಬೋರ್ಡಿಗೆ ಹೊಂದುತ್ತದೆ ಎಂದು ಈ ಸಭೆ ಘೋಷಿಸುತ್ತದೆ, ಎಂಬ ಠರಾವು ಮಂಡನೆಯಾಯಿತು. ಠರಾವು ಓದಿ ಮುಗಿಯುವ ಮೊದಲೇ ಹೆಂಡತಿಯ ತಮ್ಮ, ಅಂದರೆ ಭಾವಮೈದ, ಕೈ ಎತ್ತಿದ. ಅವನು ಹುಟ್ಟಿದ್ದೇ ಕೈ ಎತ್ತಲಿಕ್ಕೆ. ಧಾರಾವಾಹಿ ಶುರುವಾಗುವುದರೊಳಗೆ ಸಭೆ ಮುಗಿಯುವುದಾದರೆ ತನ್ನದೂ ಒಪ್ಪಿಗೆ ಎಂದು ಹೆಂಡತಿಯ ತಾಯಿ, ಅಂದರೆ ಅತ್ತೆ, ಷರತ್ತಿನ ಬೆಂಬಲ ಕೊಟ್ಟರು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡಿದ್ದ ಹೆಂಡತಿ "ಹ್ಞೂಂ" ಎಂದು ಗೊಣಗಿದ್ದನ್ನೂ ಪರವಾಗಿಯೇ ಎಣಿಸಲಾಯಿತು.

"ಮತ ಹಾಕಿದ್ರೆ ಲಿಫ್ಟ್ ಮೇಲಕ್ಕೆ ಹೋಗಲ್ಲಪ್ಪಾ," ಎಂದು ಮಗಳು ತನ್ನ ಒಂಟಿ ವಿರೋಧವನ್ನು ದಾಖಲಿಸಿ ಹೊರಟುಹೋದಳು.

ಹಳೆಯ ಪ್ರೊಸೆಸರ್ ಬಿಚ್ಚಿದ ಅಧ್ಯಕ್ಷ ಅದನ್ನು ಅಂಗೈಯಲ್ಲಿಟ್ಟುಕೊಂಡು ಸವರಿದ. ದುಡಿದು ಸವೆದವನನ್ನು ಕಸದ ಬುಟ್ಟಿಗೆ ಎಸೆಯುವುದು ಮಾಲೀಕರ ಬುದ್ಧಿ ಎಂದು ಒಂದು ಭಾಷಣ ಮಾಡಿದ. ಅದಕ್ಕೊಂದು ಹಲಗೆ ಹುಡುಕಿ, ಬಡಗಿಯ ಅಂಟು ಧಾರಾಳವಾಗಿ ಸುರಿದು, ಕರೆಂಟು ಹರಿಯುವ ಚಿನ್ನದ ಚುಕ್ಕೆಗಳ ಬೆನ್ನನ್ನು ಹಲಗೆಗೆ ಒತ್ತಿ ಅಂಟಿಸಿ, ಗೋಡೆಯಲ್ಲಿ ತನ್ನ ಮೆರವಣಿಗೆಯ ಫೋಟೋದ ಪಕ್ಕ ನೇತುಹಾಕಿದ. ಭಾವಮೈದನಿಗೆ ಕಣ್ಣೀರು ಬಂತು.

ಹೊಸದು ಟಕ್ಕೆಂದು ಗುಂಡಿಯಲ್ಲಿ ಕೂತಿತು. ಚಪ್ಪಾಳೆಯಾಯಿತು. ಸ್ವಿಚ್ ಒತ್ತಿದರೆ ದೀಪ ಹತ್ತಿತು, ಫ್ಯಾನು ತಿರುಗಿತು. ಪರದೆ ಮಾತ್ರ ಕಾವಲಿಯ ತಳದಷ್ಟು ಕಪ್ಪು. ಆರಿಸಿ ಹಚ್ಚಿದ, ಹಚ್ಚಿ ಆರಿಸಿದ, ತಲೆ ಸವರಿದ, ಬೆನ್ನಿಗೆ ಗುದ್ದಿದ. ಹಾಜರಿ ಇತ್ತು, ಕೆಲಸ ಇರಲಿಲ್ಲ.

"ಭಾವ, ಇದು ಒಳಗೇ ಕೂತು ಮುಷ್ಕರ ಹೂಡಿದೆ," ಎಂದ ಭಾವಮೈದ, ಕೊಂಚ ಗೌರವದಿಂದಲೇ.

ಅಧ್ಯಕ್ಷ ಕುರ್ಚಿ ಎಳೆದುಕೊಂಡು ಸಂಧಾನಕ್ಕೆ ಕೂತ. ಜೀವಮಾನವಿಡೀ ಮಾಡಿದ ಕೆಲಸ ಅದು. ಮೊದಲು ಅಣ್ಣಾ ಎಂದ, ತಮ್ಮಾ ಎಂದ. ಶನಿವಾರ ಬ್ಯಾಂಡಿನವರು ಬಾಗಿಲಿಗೆ ಬರುತ್ತಾರೆ, ಒಬ್ಬ ಹೆಂಗಸಿನ ದುಡಿಮೆ ಮುಳುಗುತ್ತದೆ ಎಂದು ವಿವರಿಸಿದ. ಫ್ಯಾನು ಗುರ್ರೆನ್ನುತ್ತಲೇ ಇತ್ತು. ಕೊನೆಗೆ ಅವನ ತಾಳ್ಮೆ ಕಿತ್ತುಹೋಯಿತು.

"ಮೊದಲು ಕೆಲಸ. ಆಮೇಲೆ ಮಾತು."

ಹೊಲಿಗೆ ಯಂತ್ರ ನಿಂತಿತು. ಆ ಮಾತು ಗಿರಣಿಯ ಮ್ಯಾನೇಜರನದು. ಅದನ್ನು ಕೇಳಿಯೇ ಅಧ್ಯಕ್ಷ ಇಡೀ ಗಿರಣಿಯನ್ನು ಬೀದಿಗಿಳಿಸಿದ್ದ. ಆ ಕತೆಯನ್ನು ಈ ಮನೆಯಲ್ಲಿ ಎಷ್ಟು ಸಲ ಹೇಳಿದ್ದನೆಂದರೆ ಅತ್ತೆ ನಿದ್ದೆಯಲ್ಲೂ ಒಪ್ಪಿಸಬಲ್ಲವರಾಗಿದ್ದರು. ಅವನಿಗೆ ಮಾತ್ರ ಏನೂ ಹೊಳೆಯಲಿಲ್ಲ.

"ಕರೆಂಟ್ ಕಟ್ ಮಾಡ್ತೀನಿ, ನೋಡ್ತಿರು. ನಿನ್ನ ಜಾಗಕ್ಕೆ ಬೇಕಾದಷ್ಟು ಜನ ಗೇಟಿನ ಹೊರಗೆ ನಿಂತಿದಾರೆ."

"ಅಳಿಯಂದಿರೇ," ಅತ್ತೆ ಕನ್ನಡಕ ತೆಗೆದರು, "ನೀವು ಯಾವಾಗ ಮ್ಯಾನೇಜರ್ ಆದ್ರಿ?"

ಅಧ್ಯಕ್ಷ ಕುರ್ಚಿ ಬಿಟ್ಟೆದ್ದ. ಗೋಡೆಯ ಹಲಗೆ ಇಳಿಸಿ ನಿವೃತ್ತನನ್ನು ಮತ್ತೆ ಕೆಲಸಕ್ಕೆ ಕರೆಯಲು ನೋಡಿದ. ಚಾಕು ಹಾಕಿ ಮೀಟಿದರೆ ಹಲಗೆಯ ಚಕ್ಕೆಯೇ ಅದರ ಬೆನ್ನಿಗೆ ಅಂಟಿಕೊಂಡು ಎದ್ದುಬಂತು.

ಸಂಜೆ ಮಗಳು ಬಂದವಳು ಬೋರ್ಡಿನ ಮೇಲಿನ ಅಕ್ಷರ ಓದಿ, ಫೋನಿನಲ್ಲಿ ಪಟ್ಟಿ ತೆಗೆದು, ಅಪ್ಪನ ಮೂಗಿನ ಮುಂದೆ ಹಿಡಿದಳು. ಗುಂಡಿ ಒಂದೇ, ನಿಜ. ಬೋರ್ಡ್ ಮಾತ್ರ ಈ ತಲೆಮಾರಿನ ಪ್ರೊಸೆಸರನ್ನು ಯಾವ ಜನ್ಮಕ್ಕೂ ಗುರುತು ಹಿಡಿಯುವಂತಿರಲಿಲ್ಲ. ಅವಳು ಕಂಪ್ಯೂಟರಿನ ಡಿಸ್ಕ್ ಬಿಚ್ಚಿ ಕಚೇರಿಗೆ ಒಯ್ದು ಕೋಟಿನ ನಕ್ಷೆಗಳನ್ನೆಲ್ಲ ಮುದ್ರಿಸಿ ತಂದಳು. ನಕ್ಷೆ ಉಳಿಯಿತು, ಒಂದು ದಿನ ಹೋಯಿತು.

ಹೆಂಡತಿ ಬಾಯಿಂದ ಗುಂಡುಸೂಜಿ ತೆಗೆದಳು. ಮತ ಕೇಳಲಿಲ್ಲ. ತನ್ನ ಅಮ್ಮನಿಗೆ ಗುಂಡಿ ಹೊಲಿಯುವ ಕೆಲಸ, ತಮ್ಮನಿಗೆ ಇಸ್ತ್ರಿ. ಅಧ್ಯಕ್ಷನ ಹೊಟ್ಟೆಯೂ ಬ್ಯಾಂಡಿನ ದೊಡ್ಡ ಡೋಲಿನವನ ಹೊಟ್ಟೆಯೂ ಒಂದೇ ಸುತ್ತಳತೆ. ಇವರಿಬ್ಬರದೂ ಹೊಂದುತ್ತದೋ ಎಂದು ಯಾವ ಪಟ್ಟಿಯನ್ನೂ ನೋಡಬೇಕಿರಲಿಲ್ಲ. ಅವನನ್ನು ಸ್ಟೂಲು ಹತ್ತಿಸಿ, ತೋಳು ಇನ್ನೂ ಹೊಲಿಯದ ಕೆಂಪು ಕೋಟು ತೊಡಿಸಿ ನಿಲ್ಲಿಸಿದಳು.

ಬಹಳ ಹೊತ್ತು ನಿಂತ ಮೇಲೆ ಅವನು ಸ್ಟೂಲಿನಿಂದ ಕೆಳಗೆ ಇಣುಕಿದ. "ಲೇ, ಕೊಂಚ ಕೂತ್ಕೊಳ್ಳೋದರ ಬಗ್ಗೆ ಮಾತಾಡೋಣವಾ?"

"ಮೊದಲು ಕೆಲಸ," ಎಂದಳು ಹೆಂಡತಿ. "ಆಮೇಲೆ ಮಾತು."

ಅಧ್ಯಕ್ಷ ಗಿರಣಿಯ ಗೇಟಿನೆದುರು ಎತ್ತುತ್ತಿದ್ದ ಹಾಗೆಯೇ ಬಲಗೈಯನ್ನು ನೆಟ್ಟಗೆ ಮೇಲೆತ್ತಿದ. ಅದನ್ನು ಕಂಡ ಭಾವಮೈದ ಅಭ್ಯಾಸಬಲದಿಂದ ತಾನೂ ಎತ್ತಿದ, ಇಸ್ತ್ರಿಪೆಟ್ಟಿಗೆ ಸಮೇತ.

"ನಿನ್ನದು ಇಳಿಸೋ," ಎಂದಳು ಅಕ್ಕ. ಆಮೇಲೆ ಗಂಡನ ಕಂಕುಳ ಹತ್ತಿರ ಕೋಟಿಗೆ ಒಂದು ಗುಂಡುಸೂಜಿ ಚುಚ್ಚಿದಳು. "ನಿಮ್ಮದು ಹಾಗೇ ಇರಲಿ ಅಧ್ಯಕ್ಷರೇ. ಇಲ್ಲಿ ಬಟ್ಟೆ ಎಳೀತಿದೆ, ಸ್ವಲ್ಪ ಸಡಿಲ ಬಿಡಬೇಕು."